ಗೋಡೆ ಮೇಲೆ ಗೆಳತಿಗೆಲ್ಲಿ ಜಾಗ?

ಹೋದ ಶನಿವಾರ ನಾನು ಸತ್ತೆ. ಚಿತ್ರದುರ್ಗದ ಒಂದು ಫ್ರೇಮ್ ಅಂಗಡಿಯಲ್ಲಿ, ನಿಂತ ನಿಲುವಿನಲ್ಲೇ.

ಗಾಬರಿಯಾಗಬೇಡಿ. ಬದುಕಿರುವುದಕ್ಕೇ ಈ ವಾರವೂ ಅಂಕಣ ಬಂದಿದೆ. ಚಿತ್ರವೊಂದಕ್ಕೆ ಕಟ್ಟು ಹಾಕಿಸಲು ಹೋಗಿದ್ದೆ. ಅಂಗಡಿಯವನು ಸುತ್ತಿದ್ದ ಹಾಳೆ ಬಿಚ್ಚಿ ನೋಡಿದ. ದನಿ ತಗ್ಗಿಸಿದ.

"ಯಾವಾಗ ತೀರ್ಕಂಡ್ರು ಮೇಡಂ?"

"ಯಾರು?"

"ಇವ್ರೇ, ಇಬ್ರೂ. ಜನನ, ಮರಣ ಎರಡೂ ತಾರೀಕು ಹೇಳಿಬಿಡ್ರಿ, ಕೆಳಗೆ ಬರೆಸಿಕೊಡ್ತೀನಿ. ಒಟ್ಟಿಗೇ ಹೋದ್ರಾ? ಆಕ್ಸಿಡೆಂಟಾ?"

ಆ ಇಬ್ಬರಲ್ಲಿ ಒಬ್ಬಳು ನಾನು! "ಇದು ನಾನೇ ಕಣಪ್ಪಾ" ಅಂದೆ. ಅವನು ನನ್ನ ಮುಖ ನೋಡಿದ, ಚಿತ್ರ ನೋಡಿದ, ಮತ್ತೆ ನನ್ನ ಮುಖ ನೋಡಿದ. "ನಿಮ್ಮ ತಾಯೋರು ಅನ್ಕಂಡೆ" ಅಂದ. ನಾನು ನಿಜಕ್ಕೂ ಸತ್ತಿದ್ದು ಆಗ.

ಅವನ ತಪ್ಪೇನಿಲ್ಲ ಬಿಡಿ. ನಮ್ಮ ಕಡೆ ಕಪ್ಪು-ಬಿಳುಪಿನಲ್ಲಿ ಕಟ್ಟು ಹಾಕಿಸಿಕೊಂಡು ಗೋಡೆ ಹತ್ತುವವರು ಯಾರು? ಕಾಲವಾದವರು. ಬದುಕಿರುವವರೆಲ್ಲ ಕಲರ್‌ನಲ್ಲೇ ಇರಬೇಕು. ನನ್ನ ಚಿತ್ರವೋ, ಇದ್ದಿಲಿನಲ್ಲಿ ಬರೆದದ್ದು. ಸಾಲದ್ದಕ್ಕೆ ಅದರಲ್ಲಿ ನಾನು ಕಣ್ಣು ಮುಚ್ಚಿದ್ದೇನೆ.

ಬರೆದವಳು ಶಾಹಿದಾ. ಹೊಳಲ್ಕೆರೆಯ ನಮ್ಮ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಡಂ, ಅವಳು ಡ್ರಾಯಿಂಗ್ ಮೇಡಂ. ಇಬ್ಬರದೂ ದುರ್ಗದಲ್ಲೇ ಮನೆ. ವರ್ಷಗಟ್ಟಲೆ ಒಂದೇ ಬಸ್ಸು, ಒಂದೇ ಸೀಟು. ಯಾರು ಮೊದಲು ಹತ್ತುತ್ತಾರೋ ಅವರು ಪಕ್ಕದ ಸೀಟಿಗೆ ವ್ಯಾನಿಟಿ ಬ್ಯಾಗ್ ಎಸೆಯಬೇಕು, ಕೇಳಿದವರಿಗೆಲ್ಲ "ಬರ್ತಾರೆ, ಬರ್ತಾರೆ" ಅನ್ನಬೇಕು. ಆ ಬ್ಯಾಗಿನಿಂದಾಗಿ ನಾವು ಕಟ್ಟಿಕೊಂಡ ಜಗಳಗಳಿಗೆ ಲೆಕ್ಕವಿಲ್ಲ.

ಸಂಜೆ ವಾಪಸ್ ಬರುವಾಗ ನಾನು ನಿದ್ದೆ ಹೋಗುತ್ತೇನೆ. ದಿಂಬು, ಶಾಹಿದಾಳ ಭುಜ. ಅವಳು ಬರೆದದ್ದು ಅದನ್ನೇ. ಬಸ್ಸಿಲ್ಲ, ಕಿಟಕಿಯಿಲ್ಲ, ಬರೀ ಇಬ್ಬರು ಹೆಂಗಸರು. ಒಬ್ಬಳು ನೆಟ್ಟಗೆ ಕುಳಿತಿದ್ದಾಳೆ. ಇನ್ನೊಬ್ಬಳು ಅವಳ ಮೇಲೆ ರಾಗಿ ಮೂಟೆಯ ಹಾಗೆ ಒರಗಿದ್ದಾಳೆ, ಬಾಯಿ ತೆರೆದುಕೊಂಡು.

"ಲೇ, ಬಾಯಾದ್ರೂ ಮುಚ್ಚಿಸಬಾರ್ದಿತ್ತೇನೇ?" ಅಂದೆ.

"ಮುಚ್ಚಿಸಿ ನೋಡ್ದೆ. ನೀನು ಅಂತ ಗುರುತೇ ಸಿಗಲಿಲ್ಲ."

"ನಾನು ನಿದ್ದೆ ಮಾಡೋವಾಗ ನೀನು ಪಕ್ಕದಲ್ಲಿ ನೆಟ್ಟಗೆ ಕುಂತಿರ್ತೀಯ. ಯಾವಾಗ ನೋಡ್ದೆ?"

"ನೋಡೋದೇನು ಬಂತು? ಇಷ್ಟು ವರ್ಷ ಹೊತ್ತಿಲ್ವಾ ನಿನ್ನ ತಲೆನ?"

ಇದು ಹೊಗಳಿಕೆಯೋ ಬೈಗುಳವೋ ನನಗಿನ್ನೂ ತೀರ್ಮಾನವಾಗಿಲ್ಲ.

ಚಿತ್ರ ಯಾಕೆ ಈಗ ಬಂತು ಅಂದರೆ, ಶಾಹಿದಾಗೆ ಹೊಸದುರ್ಗಕ್ಕೆ ಟ್ರಾನ್ಸ್‌ಫರ್. ಮನೆಯೂ ಅಲ್ಲಿಗೇ. ಭಾನುವಾರ ಹೇಳಿ ಹೋಗಲು ಬರುತ್ತೇನೆ ಅಂದಳು. ಕೇಳಿದ್ದು ಒಂದೇ. "ನಿಮ್ಮ ಹಾಲ್‌ನಾಗೆ ಹಾಕು. ನಮ್ಮ ಮನೇಲಿ ಆಗಲ್ಲ, ಅಮ್ಮಿ ನಮಾಜ್ ಮಾಡೋ ಜಾಗ, ಮನುಷ್ಯರ ಚಿತ್ರ ಅಲ್ಲಿ ಹಾಕಂಗಿಲ್ಲ. ಇದೊಂದು ಮಾಡು, ಸಾಕು."

ಏನು ಮಹಾ, ಒಂದು ಮೊಳೆ ಹೊಡೆದರಾಯಿತು ಅಂದುಕೊಂಡು ಕಟ್ಟು ಹಾಕಿಸಿದ ಚಿತ್ರ ಮನೆಗೆ ತಂದೆ. ಸೋಫಾಕ್ಕೆ ಒರಗಿಸಿಟ್ಟೆ. ಅಡುಗೆಮನೆಯಿಂದ ಬಂದ ನಮ್ಮ ಅತ್ತೆ ನೋಡಿದವರೇ ಕೈ ಮುಗಿದರು! ಆಮೇಲೆ ಕನ್ನಡಕ ಹಾಕಿಕೊಂಡು ಹತ್ತಿರ ಹೋದರು.

"ಅಯ್ಯೋ ಶಿವನೇ, ಇದು ನೀನಾ? ಬದುಕಿರೋ ಮುತ್ತೈದೇರನ್ನ ಹಿಂಗೆ ಮಸಿಯಾಗೆ ಬರೆದು ಗೋಡೆಗೆ ಏರಿಸ್ತಾರಾ? ಒಳ್ಳೇದಲ್ಲ ಕಣಮ್ಮ."

ಅಲ್ಲಿ ಅಮ್ಮಿ ಬೇಡ ಅಂತಾರೆ, ಇಲ್ಲಿ ಅತ್ತೆ ಬೇಡ ಅಂತಾರೆ. (ಕೋಮು ಸೌಹಾರ್ದ ಅಂದರೆ ಇದೇ ಇರಬೇಕು.) ನಮ್ಮ ಯಜಮಾನರು ಪೇಪರ್‌ನಿಂದ ತಲೆ ಎತ್ತದೆ ಸಂಧಾನಕ್ಕೆ ಬಂದರು. "ಬೆಡ್‌ರೂಮ್ ಬಾಗಿಲ ಹಿಂದೆ ಜಾಗ ಐತಲ್ಲ." ಅದು ನೈಟಿ ನೇತು ಹಾಕುವ ಜಾಗ ಸ್ವಾಮಿ.

ಆವತ್ತು ಮೊದಲ ಸಲ ನಮ್ಮ ಹಾಲ್‌ನ ಗೋಡೆಯನ್ನು ಸರಿಯಾಗಿ ನೋಡಿದೆ. ದೇವರಿದ್ದಾನೆ. ಗಂಧದ ಹಾರದೊಳಗೆ ಮಾವನವರಿದ್ದಾರೆ. ನಮ್ಮ ಮದುವೆ ಇದೆ. ಡಿಗ್ರಿ ಟೋಪಿ ಹಾಕಿಕೊಂಡ ಮಗಳಿದ್ದಾಳೆ. ಯಾರೋ ನಮ್ಮ ಯಜಮಾನರಿಗೆ ಶಾಲು ಹೊದಿಸುತ್ತಿರುವ ದೊಡ್ಡ ಫೋಟೋ ಇದೆ. (ಹೊದಿಸಿದವರು ಯಾರು ಅಂತ ಅವರಿಗೂ ನೆನಪಿಲ್ಲ.) ಗೆಳತಿ? ಹುಡುಕಿ ನೋಡಿ, ಯಾರ ಮನೆ ಗೋಡೆಯಲ್ಲೂ ಸಿಗಳು. ಮದುವೆ ಆಲ್ಬಮ್ಮಿನ ಅಂಚಿನಲ್ಲಿ ಅಕ್ಷತೆ ತಟ್ಟೆ ಹಿಡಿದು ಅರ್ಧ ಮುಖ ಕಾಣಿಸಿದರೆ ಅವಳ ಪುಣ್ಯ. ಹೆರಿಗೆಗೆ ಬೇಕು, ಜಗಳಕ್ಕೆ ಬೇಕು, ಸೀಟು ಹಿಡಿಯಲು ಬೇಕು. ಗೋಡೆಗೆ ಮಾತ್ರ ಬೇಡ. ಯಾಕೆ?

ಭಾನುವಾರ ಶಾಹಿದಾ ಬಂದಳು. ಗೋಡೆ ನೋಡಿದಳು. ಚಿತ್ರ ಸೋಫಾದ ಪಕ್ಕದಲ್ಲೇ ಇತ್ತು. ಟೀ ಕುಡಿದಳು, ಅತ್ತೆಯ ಮಂಡಿನೋವು ವಿಚಾರಿಸಿದಳು. ಆಮೇಲೆ ಮೆಲ್ಲಗೆ, "ಇರ್ಲಿ ಬಿಡೇ, ನಾನೇ ತಗಂಡು ಹೋಗ್ತೀನಿ. ಬೀರು ಹಿಂದೆ ಇಟ್ಕಂತೀನಿ" ಅಂದಳು.

ನನಗೆ ಅಳು ಬಂತು. ಯಾರನ್ನು ಬೈಯಬೇಕು ಅಂತಲೂ ಗೊತ್ತಾಗಲಿಲ್ಲ. ನಾಳೆಯಿಂದ ಪಕ್ಕದಲ್ಲಿ ಇರದವಳು, ಇವತ್ತು ನನ್ನ ಮನೆಯಿಂದಲೂ ನಮ್ಮಿಬ್ಬರನ್ನು ಎತ್ತಿಕೊಂಡು ಹೋಗುವವಳಿದ್ದಳು.

ಅಷ್ಟರಲ್ಲಿ ಅತ್ತೆ, "ಕೊಡಮ್ಮ ಇಲ್ಲಿ, ಇನ್ನೊಂದ್ಸಲ ನೋಡ್ತೀನಿ" ಅಂದು ಚಿತ್ರವನ್ನು ತೊಡೆಯ ಮೇಲೆ ಇಟ್ಟುಕೊಂಡರು. ಬಹಳ ಹೊತ್ತು ನೋಡಿದರು.

"ಇವಳು ಇಷ್ಟು ನೆಮ್ಮದಿಯಾಗಿ ನಿದ್ದೆ ಮಾಡಿದ್ದು ನಮ್ಮನೇಲಿ ಒಂದು ದಿನಾನೂ ನೋಡಿಲ್ಲ ನಾನು."

ಯಜಮಾನರ ಪೇಪರ್ ಕೆಳಗಿಳಿಯಿತು.

"ನಂಗೂ ಒಬ್ಳಿದ್ಲು ಕಣಮ್ಮ, ಗೌರಿ ಅಂತ" ಅಂದರು ಅತ್ತೆ. ಅವರ ತವರು ಹೊಳಲ್ಕೆರೆ ಕಡೆಯ ಹಳ್ಳಿ, ಬಿ.ದುರ್ಗ. ಇಷ್ಟು ವರ್ಷದಲ್ಲಿ ಈ ಹೆಸರು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. "ಇಬ್ರೂ ಜಗಲಿ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕುಂತು ಶೇಂಗಾ ಬಿಡಿಸ್ತಿದ್ವಿ. ಒರಗಾಕೆ ಗೋಡೆ ಬೇಕಾಗ್ತಿರಲಿಲ್ಲ. ಅವಳನ್ನ ಹಿರಿಯೂರ್ ಕಡೆ ಕೊಟ್ರು, ನನ್ನ ಇಲ್ಲಿಗೆ ಕೊಟ್ರು. ಅಷ್ಟೇ. ಒಂದು ಫೋಟೋನೂ ಇಲ್ಲ. ಬರೀತೀಯೇನಮ್ಮ ಶಾಹಿದಾ, ನಾನು ಹೇಳ್ತಾ ಹೋದ್ರೆ?"

ಶಾಹಿದಾ ಬ್ಯಾಗಿನಿಂದ ಹಾಳೆ, ಇದ್ದಿಲ ಕಡ್ಡಿ ತೆಗೆದು ನೆಲದ ಮೇಲೇ ಕುಳಿತಳು. "ಹೇಳ್ರಿ ಅಮ್ಮ. ಮೂಗು ಹೆಂಗಿತ್ತು?"

ಅತ್ತೆ ಕಣ್ಣು ಮುಚ್ಚಿ ಯೋಚಿಸಿದರು.

"ಮೂಗು... ಗೊತ್ತಾಗವಲ್ದು ಕಣಮ್ಮ. ಮುಖನೇ ಬರವಲ್ದು." ಕಣ್ಣಿನಿಂದ ನೀರು ಇಳಿಯಿತು. "ಬೆನ್ನು ಗೊತ್ತೈತೆ. ನಕ್ರೆ ಅವಳ ಬೆನ್ನು ಅಲ್ಲಾಡ್ತಿತ್ತು, ನಂಗೆ ಇಲ್ಲಿ ಗೊತ್ತಾಗೋದು."

"ಬೆನ್ನೇ ಬರೆಯಾಣ ಬಿಡ್ರಿ" ಅಂದಳು ಶಾಹಿದಾ. ಬರೆದಳು. ಬೆನ್ನಿಗೆ ಬೆನ್ನು ಕೊಟ್ಟ ಇಬ್ಬರು ಹುಡುಗಿಯರು, ಒಬ್ಬಳ ಮುಖ ಆಚೆ ತಿರುಗಿದೆ. ಅತ್ತೆ ಅದನ್ನು ಬೆರಳಿನಿಂದ ಸವರಲು ಹೋದರು, "ಮುಟ್ಟಬೇಡ್ರಿ, ಅಳಿಸಿ ಹೋಗ್ತದೆ" ಅಂತ ಇಬ್ಬರೂ ಕಿರುಚಿದೆವು.

ಅತ್ತೆ ಕಣ್ಣೊರೆಸಿಕೊಂಡು ಮಗನ ಕಡೆ ತಿರುಗಿದರು. "ಏಯ್, ಆ ಶಾಲು ಹೊದಿಸಿರೋ ಫೋಟೋ ಇಳಿಸೋ. ನಿನ್ನ ದಿನಾ ನೋಡ್ತೀವಿ. ಇವಳನ್ನೂ ಶಾಹಿದಾನ್ನೂ ಅಲ್ಲಿ ಹಾಕು. ಹಾರ ಮಾತ್ರ ಯಾರೂ ಹಾಕ್ಬೇಡ್ರಿ."

ಶಾಹಿದಾ ಹೊಸದುರ್ಗಕ್ಕೆ ಹೋದಳು. ನಾನೀಗ ಹಾಲ್‌ನ ನಡುಗೋಡೆಯಲ್ಲಿ, ಬಂದವರಿಗೆಲ್ಲ ಕಾಣುವಂತೆ ಬಾಯಿ ತೆರೆದು ಮಲಗಿದ್ದೇನೆ. ಅತ್ತೆ ಮಾತ್ರ ಮಧ್ಯಾಹ್ನ ಆ ಬೆನ್ನಿನ ಚಿತ್ರದ ಮುಂದೆ ಕುಳಿತಾಗ ಗೌರಿಯ ಮೂಗನ್ನು ಹುಡುಕುತ್ತಲೇ ಇರುತ್ತಾರೆ.

ಎಲ್ಲಿ, ನೀವೊಮ್ಮೆ ಕಣ್ಣು ಮುಚ್ಚಿಕೊಂಡು ಹೇಳಿ ನೋಡೋಣ: ನಿಮ್ಮ ಗೆಳತಿಯ ಮೂಗು ಹೇಗಿದೆ?