ಸೊಟ್ಟ ಬೆರಳಿನ ಕೈ

ನನ್ನ ಅಣ್ಣನ ಬಲಗೈ ಕಿರುಬೆರಳು ಹೊರಕ್ಕೆ ಬಾಗಿಕೊಂಡಿತ್ತು. ಕಬಡ್ಡಿ ಪಂದ್ಯವೊಂದರಲ್ಲಿ ಯಾರದೋ ಕಾಲು ಹಿಡಿಯಲು ಹೋಗಿ ಮುರಿದದ್ದು. ಅದಕ್ಕೆ ಐಸ್‌ಕ್ರೀಮ್ ಕಡ್ಡಿ ಕಟ್ಟಿಕೊಂಡು ಆಟ ಮುಗಿಸಿದ, ಮೂಳೆ ಸೊಟ್ಟಗೇ ಕೂಡಿತು. ಅವನು ಕೈ ಎತ್ತಿದರೆ ಗ್ಯಾಲರಿಯ ಕೊನೆಯ ಸಾಲಿನವರಿಗೂ ಅದು ಯಾರ ಕೈ ಎಂದು ತಿಳಿಯುತ್ತಿತ್ತು.

ಅವನು ಕೈ ಎತ್ತುತ್ತಿದ್ದುದೂ ಹೆಚ್ಚೇ. ಕಬಡ್ಡಿಯಲ್ಲಿ ಎದುರಾಳಿ ತಾಗಿದರೆ ತಾನಾಗಿ ಕೈ ಎತ್ತಿ ಹೊರನಡೆಯುವುದು ಹಳೆಯ ರೂಢಿ. ತೀರ್ಪುಗಾರ ನೋಡದಿದ್ದರೆ ಈಗ ಹೆಚ್ಚಿನವರು ಸುಮ್ಮನಿರುತ್ತಾರೆ. ನಾನೂ ಸುಮ್ಮನಿರುತ್ತಿದ್ದೆ. ಅಣ್ಣ ಉಗುರು ತಾಗಿದರೂ ಎತ್ತುತ್ತಿದ್ದ. "ನಿನ್ನಂಥಾಂವ ಎದುರಿನ ಟೀಮಿನ್ಯಾಗ ಇರಬೇಕಪ್ಪ, ನಮಗ ಭಾಳ ಅನುಕೂಲ" ಎಂದು ಕೋಚ್ ಹಂಗಿಸಿದರೆ ನಗುತ್ತಿದ್ದ.

ನಮ್ಮಪ್ಪ ಯಾದಗಿರಿ ಕಡೆಯಿಂದ ಗೌಂಡಿ ಕೆಲಸಕ್ಕೆ ಹೈದರಾಬಾದಿಗೆ ಬಂದವನು. ಕೂಕಟ್‌ಪಲ್ಲಿಯ ಒಂದೇ ಕೋಣೆಯಲ್ಲಿ ಬೆಳೆದೆವು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನನ್ನು ಅಂಕಣಕ್ಕೆ ಕರೆದೊಯ್ದು ಕಾಲು ಹಿಡಿಯಲು ಕಲಿಸಿದವನು ಅಣ್ಣ. ಅಪ್ಪ ಅವ್ವ ಹೋದ ಮೇಲೆ ಉಳಿದವರು ನಾವಿಬ್ಬರೇ. ಲೀಗಿನಲ್ಲಿ ಇಬ್ಬರದೂ ಒಂದೇ ತಂಡ. ಅವನು ಅಂಕಣದಲ್ಲಿ, ನಾನು ಬೆಂಚಿನ ಮೇಲೆ.

ಆಟಗಾರರು ಯೂನಿಯನ್ ಕಟ್ಟಿದಾಗ ಅವನನ್ನೇ ಅಧ್ಯಕ್ಷನನ್ನಾಗಿ ಮಾಡಿದರು. ಬೇಡಿಕೆ ಒಂದೇ: ಆಡುವಾಗ ಪೆಟ್ಟಾದರೆ ತಂಡದವರೇ ಪೂರ್ತಿ ಚಿಕಿತ್ಸೆ ಕೊಡಿಸಬೇಕು. ಅಣ್ಣನ ಮೊಣಕಾಲೇ ಹೋಗಿತ್ತು, ನೋವಿನ ಗುಳಿಗೆ ನುಂಗಿ ಆಡುತ್ತಿದ್ದ. ಬೇಡಿಕೆ ಒಪ್ಪದಿದ್ದರೆ ಮೊದಲ ಪಂದ್ಯಕ್ಕೆ ಯಾರೂ ಇಳಿಯಬಾರದು ಎಂದು ತೀರ್ಮಾನವಾಯಿತು. ಆದರೆ ಆಗಲೇ ಒಡಕು ಬಿದ್ದಿತ್ತು. ಕಾರ್ಯದರ್ಶಿಯಾಗಿದ್ದ ಜಹೀರಾಬಾದಿನ ರೈಡರ್, ಅಧ್ಯಕ್ಷರು ಮೆತ್ತಗಾಗಿದ್ದಾರೆ, ಬದಲಾಯಿಸಬೇಕು ಎನ್ನುತ್ತಿದ್ದ. ಅರ್ಧ ಹುಡುಗರು ಅವನ ಕಡೆ.

ಯೂನಿಯನ್ನಿನ ಮುದ್ರೆ ನಮ್ಮ ಮನೆಯ ಟ್ರಂಕಿನಲ್ಲಿರುತ್ತಿತ್ತು. ಅಣ್ಣ ಅದಕ್ಕೆ ಬೀಗ ಹಾಕುತ್ತಿರಲಿಲ್ಲ. ತಂಡದ ಮ್ಯಾನೇಜರ್ ಒಂದು ದಿನ ನನ್ನನ್ನು ಕರೆದು ಟೈಪು ಮಾಡಿದ ಹಾಳೆ ಕೊಟ್ಟ. ಬಹಿಷ್ಕಾರ ಕೈಬಿಟ್ಟಿದ್ದೇವೆ ಎಂದು ಅದರಲ್ಲಿತ್ತು. "ಬರೇ ಒಂದು ಮುದ್ರಿ. ಈ ಸಲ ಮೊದಲ ಏಳು ಮಂದ್ಯಾಗ ನಿನ್ನ ಹೆಸರು ಇರ್ತದ" ಎಂದ. ಅಣ್ಣ ಸ್ನಾನಕ್ಕೆ ಹೋಗಿದ್ದಾಗ ಮುದ್ರೆ ಒತ್ತಿದೆ. ಅವನ ಸಹಿಯನ್ನೂ ನಾನೇ ಹಾಕಿದೆ.

ಎರಡು ದಿನದಲ್ಲಿ ಆ ಹಾಳೆ ಎಲ್ಲರ ಫೋನಿಗೂ ಬಂತು. ಕಾಚಿಗೂಡದ ಲಾಡ್ಜೊಂದರ ಊಟದ ಕೋಣೆಯಲ್ಲಿ ಸಭೆ ಸೇರಿತು. ಜಹೀರಾಬಾದಿನವನು ಎದ್ದು ನಿಂತ.

"ಅಣ್ಣಾ, ನಿಮ್ಮ ಜೋಡಿ ನನ್ನ ಜಗಳ ಐತಿ, ಖರೆ. ಆದ್ರ ನೀವು ಇದಕ್ಕ ಸಹಿ ಹಾಕೀರಿ ಅಂದ್ರ ನಾ ನಂಬಂಗಿಲ್ಲ. ಮುದ್ರಿ ಮತ್ಯಾರ ಕೈಗೆ ಸಿಗ್ತದ, ಹೇಳ್ರಿ."

ಹಿಂದಿನಿಂದ ಯಾರೋ ಅಂದರು: "ಯಾವಾಂವ ಮಾಡ್ಯಾನೋ, ಅವನ ಕೈ ಹಿಡಿದು ಆಡಾವ್ರು ಇನ್ನ ಯಾರೂ ಇಲ್ಲ."

ಅಣ್ಣ ನನ್ನನ್ನು ನೋಡಿದ. ನನ್ನ ಕೈ ತೊಡೆಯ ಕೆಳಗಿತ್ತು. ನಾನು ಅದರ ಮೇಲೆ ಕುಳಿತೇ ಇದ್ದೆ.

ಅಣ್ಣ ಕೈ ಎತ್ತಿದ. ಜಹೀರಾಬಾದಿನವನು ಆ ಸೊಟ್ಟ ಬೆರಳನ್ನೇ ನೋಡಿ ಕುಳಿತುಬಿಟ್ಟ. ಎಂದೂ ಸುಳ್ಳಿಗೆ ಎತ್ತದ ಕೈಯನ್ನು ಯಾರೂ ಮತ್ತೆ ಪ್ರಶ್ನಿಸಲಿಲ್ಲ.

ಮೆಟ್ಟಿಲಿಳಿಯುವಾಗ ಕೇಳಿದೆ, "ಯಾಕ ಎತ್ತಿದಿ?"

"ನನ್ನ ಮೊಣಕಾಲು ಇನ್ನ ತಡಿಯಂಗಿಲ್ಲ. ನೀ ಆಡಾಂವ ಇದ್ದಿ." ಕಂಬಿ ಹಿಡಿದು ಇನ್ನೊಂದು ಮೆಟ್ಟಿಲು ಇಳಿದ. "ಈ ಸೀಜನ್ ಮುಗೀಲಿ. ಆಮ್ಯಾಲ ನಿನ್ನ ಕೈ ನೀನ ಎತ್ತು."

ಬಹಿಷ್ಕಾರ ಮುರಿದುಬಿತ್ತು. ಯೂನಿಯನ್ ಎರಡು ಹೋಳಾಯಿತು, ಚಿಕಿತ್ಸೆಯ ಮಾತು ಎರಡರಲ್ಲೂ ಉಳಿಯಲಿಲ್ಲ. ಮೊದಲ ಏಳರಲ್ಲಿ ನನ್ನ ಹೆಸರು ಬಂತು. ಅಣ್ಣ ನಾಚಾರಂನ ಒಂದು ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ಆದ, ಕಾಲು ಚಾಚಿಕೊಂಡು ಸ್ಟೂಲಿನ ಮೇಲೆ ಕೂಡುತ್ತಿದ್ದ. ಜೊತೆಯಲ್ಲಿ ಆಡಿದವರು ಆ ದಾರಿಯಲ್ಲಿ ಹೋದರೂ ಮಾತಾಡಿಸುತ್ತಿರಲಿಲ್ಲ. ಸೀಜನ್ ಮುಗಿಯಿತು. ನಾನು ಬಾಯಿ ಬಿಡಲಿಲ್ಲ, ಅವನು ಕೇಳಲಿಲ್ಲ. ಮುಂದಿನ ವರ್ಷ, ನೋವಿನ ಗುಳಿಗೆಗಳು ಅಣ್ಣನ ಮೂತ್ರಪಿಂಡ ತಿಂದುಹಾಕಿವೆ ಎಂದು ಡಾಕ್ಟರು ಹೇಳಿದರು. ಕಿಟ್ ಬ್ಯಾಗು ಹೆಗಲಿಗೆ ಹಾಕಿಕೊಂಡೇ ಆಸ್ಪತ್ರೆಗೆ ಹೋದರೆ ಅವನು ಕೇಳುತ್ತಿದ್ದುದು ಇಷ್ಟೇ: "ಇವತ್ತ ಎಷ್ಟು ಮಂದೀನ ಹಿಡದಿ?"

ಅಣ್ಣ ತೀರಿಕೊಂಡಾಗ ಮಣ್ಣಿಗೆ ಜಹೀರಾಬಾದಿನವನು ಬಂದಿದ್ದ. ನನ್ನ ಪಕ್ಕದಲ್ಲಿ ನಿಂತು ಮೆಲ್ಲಗೆ ಹೇಳಿದ: "ಅವತ್ತು ಅಣ್ಣ 'ನಾ ಅಲ್ಲ' ಅಂದಿದ್ರ ಸಾಕಿತ್ತು. ನಾನ ಅವರನ್ನ ಮತ್ತ ಅಧ್ಯಕ್ಷರ ಕುರ್ಚಿ ಮ್ಯಾಲ ಕೂಡಸ್ತಿದ್ದೆ." ನನ್ನ ಮುಷ್ಟಿಯಲ್ಲಿ ಮಣ್ಣಿತ್ತು. ಹಾಕಿ ಹಿಂದೆ ಸರಿದೆ.

ಆಮೇಲೆ ಇನ್ನೂ ಎರಡು ಸೀಜನ್ ಆಡಿದೆ. ಈಗ ಬರೆಯುತ್ತಿದ್ದೇನೆ. ಮುದ್ರೆ ಒತ್ತಿದವನು ನಾನು. ಅವತ್ತು ಕೈ ಎತ್ತಿದ ಅಣ್ಣನಿಗೆ ಏನೂ ತಾಗಿರಲಿಲ್ಲ.