ಎಶೋವೆಯಲ್ಲಿ ಇಳಿಯದ ತಮ್ಮ

ಭೆಕಿಸಿಸಾ ನ್ತೂಲಿ ಹೋದ ಶುಕ್ರವಾರ ಬೆಳಗಿನ ಜಾವ ತೀರಿಕೊಂಡ. ಹಿಂದಿನ ದಿನ ಸಂಜೆಯಷ್ಟೇ ಡರ್ಬನ್ನಿನಿಂದ ತಮ್ಮನನ್ನು ಮನೆಗೆ ಕರೆತಂದಿದ್ದ. ತಮ್ಮ ಸತ್ತು ಆಗಲೇ ಎರಡು ವರ್ಷವಾಗಿತ್ತು.

ಕುದೇನಿ ಬೆಟ್ಟದ ಸುತ್ತಿನ ಹಳ್ಳಿಗಳಲ್ಲಿ ಭೆಕಿಸಿಸಾ ಇಲ್ಲದೆ ಯಾರನ್ನೂ ಮಣ್ಣು ಮಾಡುತ್ತಿರಲಿಲ್ಲ. ಸಾವಿನ ಮನೆಯ ಡೇರೆಯೊಳಗೆ ಮೈಕು ಹಿಡಿದು, ಈಗ ಇಂಥವರು ಮಾತಾಡುತ್ತಾರೆ, ಎರಡೇ ನಿಮಿಷ, ಎಂದು ಕರೆಯುವ ಕೆಲಸ ಅವನದು. ಆ ಎರಡು ನಿಮಿಷದವರನ್ನು ಪರಿಚಯ ಮಾಡಿಕೊಡಲು ಅವನು ತೆಗೆದುಕೊಳ್ಳುತ್ತಿದ್ದುದು ಅರ್ಧ ಗಂಟೆ. ಒಮ್ಮೆ ಪಾದ್ರಿಯೊಬ್ಬರ ಪ್ರಾರ್ಥನೆ ಉದ್ದವಾದಾಗ, "ಮಿಕ್ಕಿದ್ದು ದೇವರಿಗೆ ಗೊತ್ತಿದೆ, ಕೂತ್ಕೊಳ್ಳಿ ಬಾಬಾ" ಎಂದು ಮೈಕು ಕಸಿದುಕೊಂಡಿದ್ದ. ಸತ್ತವರನ್ನು ಅವನು ಹೊಗಳುವ ಪರಿಗೆ ಎಷ್ಟೋ ವಿಧವೆಯರು ಅಳು ನಿಲ್ಲಿಸಿ, ಇಷ್ಟು ಒಳ್ಳೆಯ ಗಂಡಸಿನ ಜೊತೆ ತಾವು ಯಾವಾಗ ಸಂಸಾರ ಮಾಡಿದ್ದೆವೆಂದು ಯೋಚನೆಗೆ ಬಿದ್ದದ್ದುಂಟು.

ತಮ್ಮ ಫನೋಜಿ ತೀರ ಸಾಧು, ಹೇಳಿದಷ್ಟು ಮಾಡುವ ಮನುಷ್ಯ. ಡರ್ಬನ್ನಿನ ಒಂದು ಆಸ್ಪತ್ರೆಯಲ್ಲಿ ಸತ್ತ. ದೇಹವನ್ನು ಊರಿಗೆ ತಂದು ಹೂಳಿದ್ದಾಯಿತು. ಆದರೆ ದೇಹ ಬಂದರೆ ಮನುಷ್ಯ ಬಂದಂತೆ ಅಲ್ಲ. ಉಸಿರು ನಿಂತ ಜಾಗದಲ್ಲೇ ಅವನು ನಿಂತಿರುತ್ತಾನೆ. ಮನೆಯ ಹಿರಿಯ ಎಲಚಿ ಮರದ ಮುಳ್ಳು ಕೊಂಬೆ ಹಿಡಿದು ಅಲ್ಲಿಗೆ ಹೋಗಿ, ಹೆಸರು ಕೂಗಿ, ದಾರಿ ಹೇಳಿ ಕರೆತರಬೇಕು. ಬಾಗಿಲು ಬಂದರೆ ಬಾಗಿಲು, ಹೊಳೆ ಬಂದರೆ ಹೊಳೆ, ಹತ್ತುವಾಗ ಹತ್ತು, ಇಳಿಯುವಾಗ ಇಳಿ ಅನ್ನಬೇಕು. ಹೇಳದಿದ್ದರೆ ಅವನು ಅಲ್ಲೇ ಉಳಿಯುತ್ತಾನೆ. ಇಷ್ಟು ಯಾರಾದರೂ ಮಾಡಬಹುದು. ತೊಡಕು ಬೇರೆಯದು. ಕೊಂಬೆ ಹಿಡಿದವನು ಮನೆ ಮುಟ್ಟುವ ತನಕ ಬದುಕಿರುವವರ ಜೊತೆ ಒಂದು ಮಾತೂ ಆಡಕೂಡದು. ಭೆಕಿಸಿಸಾಗೆ ಎರಡು ವರ್ಷ ಪುರುಸೊತ್ತು ಸಿಗದೇ ಇದ್ದದ್ದು ಹೀಗೆ.

ಅವನ ತಾಯಿಯನ್ನು ಊರೆಲ್ಲ ಗೋಗೋ, ಅಜ್ಜಿ, ಎಂದೇ ಕರೆಯುತ್ತದೆ. ಅವಳು ಕೊನೆಗೆ ಅಂದಳು: "ಕನಸಲ್ಲಿ ಆಸ್ಪತ್ರೆ ಬಾಗ್ಲಲ್ಲಿ ನಿಂತು ಮಳೆ ನೋಡ್ತಿರ್ತಾನೆ ಕಣೋ. ನಾನು ಹೋಗೋ ಹೊತ್ತಾಯ್ತು. ಹೋದ್ಮೇಲೆ ಅಲ್ಲಿ ಅವನನ್ನ ಎಲ್ಲಿ ಅಂತ ಹುಡುಕ್ಲಿ?"

"ಮುಂದಿನ ವಾರ ಹೋಗ್ತೀನಮ್ಮ. ಈ ಶನಿವಾರ ಮೂರು ಕಡೆ ಸಾವಿದೆ, ಬಿಡಕ್ಕಾಗಲ್ಲ."

"ನಂದೂ ಸೇರಿಸ್ಕೋ. ನಾಲ್ಕಾಗುತ್ತೆ."

ಬುಧವಾರವೇ ಹೊರಟ. ಬದುಕಿರುವವರ ಜೊತೆಗಿನ ವ್ಯವಹಾರಕ್ಕೆ ಅಂತ ಫನೋಜಿಯ ಹೆಂಡತಿ ಮಾಬಿಯೇಲಾ ಜೊತೆಗೆ ಬಂದಳು. ಹೋಗುವಾಗ ಮಾತಿಗೆ ಅಡ್ಡಿಯಿರಲಿಲ್ಲ. ಬೆಟ್ಟ ಇಳಿದದ್ದು, ಕಾಡು ದಾಟಿದ್ದು, ಕಬ್ಬಿನ ಗದ್ದೆಗಳ ಆಚೆ ಸಮುದ್ರ ಕಂಡದ್ದು ಒಂದೂ ಮಾಬಿಯೇಲಾಗೆ ನೆನಪಿಲ್ಲ. ಭಾವ ನಾಳೆಯ ಮಾತನ್ನೂ ಇವತ್ತೇ ಆಡಿ ಮುಗಿಸುವ ಲೆಕ್ಕದಲ್ಲಿದ್ದ.

ಗುರುವಾರ ಬೆಳಿಗ್ಗೆ ಡರ್ಬನ್ನಿನಲ್ಲಿ, ಆ ಊರಿಗೆ ಬೇರೆ ಕೆಲಸವೇ ಇಲ್ಲವೆಂಬಂತೆ, ಮಳೆ ಸುರಿಯುತ್ತಿತ್ತು. ಆಸ್ಪತ್ರೆಯಲ್ಲಿ ಫನೋಜಿಯ ಮಂಚದ ಮೇಲೆ ಈಗ ಬೇರೊಬ್ಬ ಮಲಗಿದ್ದ, ಕಾಲಿಗೆ ದಪ್ಪ ಪಟ್ಟಿ. ಭೆಕಿಸಿಸಾ ಕೊಂಬೆಯನ್ನು ಮಂಚಕ್ಕೆ ತಾಗಿಸಿ, ನ್ತೂಲಿಗಳ ಕುಲದ ಹೆಸರು ಹಿಡಿದು, ಡೇರೆಯ ದನಿಯಲ್ಲೇ ಕೂಗಿದ: "ಎಂಫೆಂಬಾ, ಏಳು. ಕರ್ಕೊಂಡೋಗಕ್ಕೆ ಬಂದಿದೀವಿ. ಇಲ್ಲಿ ನಿನ್ನ ಕೆಲಸ ಮುಗೀತು."

ಮಲಗಿದ್ದವನು ಕಣ್ಣು ಬಿಟ್ಟ. "ನನ್ನನ್ನಲ್ಲ ತಾನೆ ಬಾಬಾ? ನಂದು ಬರೀ ಕಾಲು."

"ನಿನ್ನನ್ನಲ್ಲಪ್ಪ, ಮಲಕ್ಕೋ" ಅಂದಳು ಮಾಬಿಯೇಲಾ.

ನರ್ಸಮ್ಮ ಅಡ್ಡವಿದ್ದ ಗಾಲಿಕುರ್ಚಿ ಸರಿಸಿ ಮೂವರಿಗೂ ದಾರಿ ಬಿಟ್ಟಳು.

ನಿಲ್ದಾಣದಲ್ಲಿ ಎಶೋವೆಗೆ ಹೋಗುವ ವ್ಯಾನು ಹತ್ತಿದರು. ತಮ್ಮನಿಗೂ ಒಂದು ಸೀಟು, ಪೂರಾ ದರ. ಅದರ ಮೇಲೆ ಕೂರಲು ಬಂದ ಹೆಂಗಸೊಬ್ಬಳು, "ಸೀಟ್ ಮೇಲೆ ಮುಳ್ಳು ಯಾಕಿದೆ?" ಎಂದಳು.

"ನನ್ನ ಯಜಮಾನರು" ಅಂದಳು ಮಾಬಿಯೇಲಾ.

"ಅಯ್ಯೋ, ತಪ್ಪು ತಿಳ್ಕೋಬೇಡಿ ಬಾಬಾ" ಎಂದು ಆಕೆ ಕೊಂಬೆಗೆ ಹೇಳಿ ಹಿಂದಿನ ಸೀಟಿಗೆ ಹೋದಳು.

ಉಮ್ಗೇನಿ ಹೊಳೆ ದಾಟುವ ತನಕ ಭೆಕಿಸಿಸಾ ಮಾದರಿ ಮನುಷ್ಯನಾಗಿದ್ದ. "ಫನೋಜಿ, ಹೊಳೆ ದಾಟ್ತಿದೀವಿ" ಅಂದ, ಬಾಯಿ ಮುಚ್ಚಿದ. ಆಮೇಲೆ ಡ್ರೈವರ್ ಹಾಡು ಜೋರು ಮಾಡಿದ. ಭೆಕಿಸಿಸಾನ ಕುತ್ತಿಗೆಯ ನರ ಉಬ್ಬಿತು, ತುಟಿ ಅದುರಿತು. ಆಗ ಅವನಿಗೊಂದು ಜ್ಞಾನೋದಯವಾಯಿತು.

"ಫನೋಜಿ," ಅಂದ ಕೊಂಬೆಗೆ, "ಈ ಡ್ರೈವರಪ್ಪನಿಗೆ ಕಿವಿ ಮಂದ ಅಂತ ಕಾಣುತ್ತೆ. ನಿಂಗೋ ಗಲಾಟೆ ಅಂದ್ರೆ ಆಗಲ್ಲ, ಪಾಪ."

ಡ್ರೈವರ್ ಹಾಡು ತಗ್ಗಿಸಿದ. ಅಲ್ಲಿಂದ ಮುಂದೆ ಸತ್ತ ತಮ್ಮನಿಗೆ ಬಿಡುವೇ ಇರಲಿಲ್ಲ. ಫನೋಜಿ, ಆ ಕಿಟಕಿ ಹಾಕು ಅನ್ನು. ಫನೋಜಿ, ಈಯಮ್ಮನ ಜೋಳದ ತೆನೆ ಬೆಂದಿಲ್ಲ, ಹೊಟ್ಟೆ ನೋಯುತ್ತೆ ಅನ್ನು. ಫನೋಜಿ, ಮುಂದೆ ಕೂತಿರೋ ದೊಡ್ಡ ಮನುಷ್ಯರು ಯಾವ ಊರವರು ಕೇಳು. ಮುಂದೆ ಕೂತ ದೊಡ್ಡ ಮನುಷ್ಯರು ಕೊಂಬೆಯ ಕಡೆ ತಿರುಗಿ ವಿನಯದಿಂದ ಉತ್ತರ ಕೊಡುತ್ತಿದ್ದರು.

"ಭಾವ, ಅವರಿಗೆ ದಾರಿ ಹೇಳಿದ್ರೆ ಸಾಕು" ಎಂದಳು ಮಾಬಿಯೇಲಾ.

"ಫನೋಜಿ, ನಿನ್ನ ಹೆಂಡ್ತಿ ಏನೋ ಅಂತಿದಾಳೆ ನೋಡು."

ಹೊಳೆಗಳನ್ನೇನೋ ಬಿಡಲಿಲ್ಲ. ಉಮ್ವೋಟಿ ಬಂದಾಗ ಹೇಳಿದ. ತುಗೇಲಾ ಕೆಂಪಗೆ ತುಂಬಿ ಹರಿಯುತ್ತಿತ್ತು. ಅಗಲ ಇದೆ, ಹೆದರಬೇಡ ಅಂದ. ಕಬ್ಬು ಮುಗಿದು ರಸ್ತೆ ಏರಿ, ದ್ಲಿಂಜಾ ಕಾಡಿನ ಪಕ್ಕದಲ್ಲೇ ಎಶೋವೆ ಪೇಟೆ ಬಂತು. ಇಲ್ಲಿ ವ್ಯಾನು ಬದಲಿಸಬೇಕು.

ನಿಲ್ದಾಣದಲ್ಲಿ ಗುಮೆಡೆ ನಿಂತಿದ್ದ. ಹಳೆಯ ಸಹಪಾಠಿ, ಹಳೆಯ ತಂಟೆಕೋರ. ಕೊಂಬೆ ನೋಡಿದ ಕೂಡಲೇ ಅವನಿಗೆ ಎಲ್ಲ ಅರ್ಥವಾಯಿತು. ಬಾಯಿ ಕಟ್ಟಿದವನನ್ನು ಚುಚ್ಚುವ ಸುಖ ಬಿಡುವುದುಂಟೆ?

"ನಮ್ಮ ಚಿಕ್ಕಪ್ಪನ ಮಣ್ಣಿಗೆ ಮೆಲ್ಮೋತ್‌ನಿಂದ ಒಬ್ಬ ಬಂದಿದ್ದ ಕಣೋ. ಏನ್ ಮಾತು ಅಂತೀಯ. ಅವನ ಮುಂದೆ ನೀನು ಮೂಗ."

"ಫನೋಜಿ," ಎಂದ ಭೆಕಿಸಿಸಾ, ವ್ಯಾನಿನಿಂದ ಇಳಿಯುತ್ತ, "ಈ ಗುಮೆಡೆಗೆ ಹೇಳು. ಇವರಪ್ಪ ಸತ್ತಾಗ ನಾನಾಡಿದ ಮಾತಿಗೆ ಸಾಲ ಕೊಟ್ಟವರೂ ಅತ್ತಿದ್ರು ಅಂತ."

"ನೀನು ಎರಡು ಸಲ ಅವರ ಹೆಸರು ತಪ್ಪು ಹೇಳ್ದೆ."

"ಫನೋಜಿ, ಅವರಪ್ಪನಿಗೆ ಎರಡು ಹೆಸರಿತ್ತು ಅಂತ ಹೇಳು. ಒಂದು ಪೊಲೀಸರಿಗೆ."

ಹೀಗೆ ಮಳೆಯಲ್ಲಿ ನಡೆಯುತ್ತ, ತಿರುಗಿ ತಿರುಗಿ ಬಾಣ ಬಿಡುತ್ತ, ಬೆಟ್ಟದ ಕಡೆ ಹೋಗುವ ವ್ಯಾನು ಹತ್ತಿದ. ಗೆದ್ದಿದ್ದ. ಆ ಸಂತೋಷ ಎಂಟುಮೇನಿ ಕಾಡಿನ ತನಕ ಬಂತು.

ಕಾಡಿನೊಳಗೆ ಒಂದು ತೊರೆ ಅಡ್ಡ ಬರುತ್ತದೆ. ಭೆಕಿಸಿಸಾ ಕೊಂಬೆ ಎತ್ತಿಕೊಂಡು, "ಫನೋಜಿ, ತೊರೆ..." ಎಂದು ಶುರುಮಾಡಿ ನಿಂತುಬಿಟ್ಟ. ಕೊಂಬೆಯನ್ನೇ ನೋಡಿದ. ಆಮೇಲೆ ಮೆಲ್ಲಗೆ ಅಂದ:

"ನೀನು ಇಲ್ಲಿಲ್ಲ."

ಮಾಬಿಯೇಲಾಗೆ ತಕ್ಷಣ ಹೊಳೆಯಿತು. ಎಶೋವೆಯಲ್ಲಿ ಗುಮೆಡೆಗೆ ಹೇಳು, ಅವರಪ್ಪನ ವಿಷಯ ಹೇಳು, ಎಲ್ಲ ಆಯಿತು. ಇಳಿ ಅಂತ ಯಾರೂ ಹೇಳಲಿಲ್ಲ. ಅವಳು ಬಾಯಿಗೆ ಸೆರಗಿನ ಹಾಗೆ ಶಾಲು ಒತ್ತಿಕೊಂಡಳು.

ವಿಷಯ ಇಡೀ ವ್ಯಾನಿಗೆ ತಿಳಿಯಿತು. ಡ್ರೈವರ್ ಮ್ಚುನು ಕುಲದವನು, ಎಲ್ಲರೂ ಮಾಚಿಂಗ್ವಾನೆ ಎಂದು ಕರೆಯುವ ನರೆಗಡ್ಡದವನು. ಗಾಡಿ ಬದಿಗೆ ನಿಲ್ಲಿಸಿದ.

"ಕೊಂಬೆ ಬಂದಿದ್ಯಲ್ಲ, ಜೊತೆಗೆ ಅವನೂ ಬಂದಿರ್ತಾನೆ ಬಿಡಿ" ಎಂದಳು ಕೋಳಿ ಹಿಡಿದಿದ್ದ ಮುದುಕಿ.

"ಬೇರೆ ಯಾರಾದ್ರೂ ಆಗಿದ್ರೆ ಬರ್ತಿದ್ರು ಗೋಗೋ," ಎಂದಳು ಮಾಬಿಯೇಲಾ. "ನಮ್ಮೆಜಮಾನರು ಯಾರಾದ್ರೂ ಏಳು ಅನ್ನದೆ ಊಟದಿಂದ ಎದ್ದವರೂ ಅಲ್ಲ."

"ಹಾಗಾದ್ರೆ ಕಷ್ಟ" ಎಂದು ಮುದುಕಿ ಒಪ್ಪಿದಳು. "ನಮ್ಮ ಮಾವ ಸ್ಟ್ಯಾಂಗರ್ ನಿಲ್ದಾಣದಲ್ಲಿ ಮೂರು ವರ್ಷ ಕಳೆದ."

ಫನೋಜಿಗೆಂದು ಈ ವ್ಯಾನಿನಲ್ಲೂ ದರ ಕೊಟ್ಟಿದ್ದ ಖಾಲಿ ಸೀಟಿನ ಪಕ್ಕದಲ್ಲಿ ಕೋಟು ಹಾಕಿದ ಒಬ್ಬ ಇದ್ದ. "ನಾವು ಚರ್ಚಿನವರು, ಇದನ್ನೆಲ್ಲ ನಂಬಲ್ಲ" ಎಂದ. ಎಲ್ಲರೂ ಅವನನ್ನು ನೋಡಿದರು. "ಆದ್ರೆ ಗಾಡಿ ತಿರುಗ್ಸಿ ಮಾಚಿಂಗ್ವಾನೆ. ಇಷ್ಟೊತ್ತು ಪಕ್ಕದಲ್ಲಿ ಒಬ್ಬ ಇದಾನೆ ಅಂತ ಕೂತಿದ್ದೆ. ಈಗ ಯಾರೂ ಇಲ್ಲ ಅಂದ್ರೆ ಒಂಥರಾ ಭಯ ಆಗುತ್ತೆ."

"ನಾವು ಬಂದ ಆ ವ್ಯಾನು ತುಂಬಿ ವಾಪಸ್ ಹೊರಟುಬಿಟ್ಟಿದ್ರೆ?" ಎಂದು ಕೇಳಿದವಳು ಮಾಬಿಯೇಲಾ.

"ಹೊರಟಿದ್ರೆ ಡರ್ಬನ್ನು, ಮತ್ತೆ ಮೊದಲಿಂದ" ಎಂದ ಮಾಚಿಂಗ್ವಾನೆ. ಗಾಡಿ ತಿರುಗಿಸಿದ.

ವಾಪಸು ದಾರಿಯಲ್ಲಿ ಭೆಕಿಸಿಸಾ ಯಾರ ಮೂಲಕವೂ ಯಾರಿಗೂ ಏನೂ ಹೇಳಲಿಲ್ಲ. ಹೇಳಿಸಲು ಪಕ್ಕದಲ್ಲಿ ಯಾರೂ ಇರಲಿಲ್ಲವಲ್ಲ. ಅವನ ಮುಖ ನೋಡಿದ ಮುದುಕಿ ತನ್ನ ಕೋಳಿಯ ಕೊಕ್ಕನ್ನು ಕೈಯಿಂದ ಮುಚ್ಚಿಕೊಂಡಳು.

ವ್ಯಾನು ತುಂಬದೆ ಹೊರಡಿಸಬಾರದೆಂಬ ಅಲ್ಲಿನ ಡ್ರೈವರುಗಳ ದುರಾಸೆಯನ್ನು ಎಲ್ಲರೂ ಬೈಯುತ್ತಾರೆ. ಆವತ್ತು ಯಾರೂ ಬೈಯಲಿಲ್ಲ. ಡರ್ಬನ್ನಿನ ವ್ಯಾನು ಇನ್ನೊಬ್ಬ ಗಿರಾಕಿಗಾಗಿ ಕಾಯುತ್ತ ನಿಂತಿತ್ತು. ಫನೋಜಿಯ ಸೀಟಿನಲ್ಲಿ ಮಾತ್ರ ಕಿತ್ತಳೆ ಚೀಲ ತಬ್ಬಿಕೊಂಡು ಒಬ್ಬ ಧಡೂತಿ ಆಸಾಮಿ ನಿದ್ದೆ ಹೊಡೆಯುತ್ತಿದ್ದ. ಮಾಬಿಯೇಲಾ ಅವನನ್ನು ಎಬ್ಬಿಸಿ ಸಂಗತಿ ಹೇಳಿದಳು.

ಅವನು ದಡಬಡಿಸಿ ಎದ್ದ. "ಅದಕ್ಕೇ ಎಷ್ಟು ಸರಿದ್ರೂ ಇಕ್ಕಟ್ಟಾಗ್ತಿತ್ತು" ಎಂದ.

ಭೆಕಿಸಿಸಾ ಮಳೆಯಲ್ಲಿ ಬಾಗಿಲ ಹತ್ತಿರ ನಿಂತು, ಕೊಂಬೆಯನ್ನು ಸೀಟಿಗೆ ಮುಟ್ಟಿಸಿದ. ಡೇರೆಯ ದನಿ ಎಲ್ಲಿ ಹೋಗಿತ್ತೋ.

"ಫನೋಜಿ, ಎಶೋವೆ ಬಂತು. ಇಳಿ. ಮೆಟ್ಟಿಲು ಎತ್ತರ ಇದೆ, ನೋಡ್ಕೊಂಡು. ನಾನಿಲ್ಲೇ ಇದೀನಿ."

ಅಲ್ಲಿಂದ ಆಚೆಗೆ ಕೊಂಬೆಗೆ ಕೇಳಿಸಿದ್ದು ದಾರಿಯ ಮಾತು ಮಾತ್ರ. ಈಗ ತೊರೆ. ಈಗ ಎನ್ಕಾಂಡ್ಲಾ ಕಾಡು, ಮಂಜಿದೆ, ಹತ್ತಿರ ಬಾ. ಈಗ ಏರು. ಈಗ ನಮ್ಮ ಬೆಟ್ಟ. ಮಾಚಿಂಗ್ವಾನೆ ಹಾಡು ಹಾಕಲಿಲ್ಲ. ಚರ್ಚಿನವನು ಇಳಿಯುವಾಗ ಖಾಲಿ ಸೀಟಿಗೆ ಟೋಪಿ ತೆಗೆದು ಹೋಗಿಬರುತ್ತೇನೆ ಅಂದ, ನಂಬಿಕೆಯೇನೂ ಇಲ್ಲದೆ.

ಮನೆ ಮುಟ್ಟಿದಾಗ ಬೆಳಕು ಇನ್ನೂ ಸ್ವಲ್ಪ ಇತ್ತು. ಅಂಗಳದ ತುಂಬ ನೆಂಟರು. ಇಡೀ ದಿನ ಕಟ್ಟಿಟ್ಟ ಮಾತು ಈಗ ಕಟ್ಟೆ ಒಡೆಯುತ್ತದೆಂದು ಬೆಂಚು ಎಳೆದುಕೊಂಡು ಕೂತಿದ್ದರು. ಭೆಕಿಸಿಸಾ ಯಾರನ್ನೂ ನೋಡದೆ, "ಫನೋಜಿ, ಬಾಗಿಲು, ತಲೆ ಬಗ್ಗಿಸು" ಎನ್ನುತ್ತ ಗೋಗೋಳ ದುಂಡು ಗುಡಿಸಲಿಗೆ ನುಗ್ಗಿದ. ಸತ್ತ ಹಿರಿಯರು ಇರುವ ಹಿಂಗೋಡೆಯ ಬುಡದಲ್ಲಿ ಕೊಂಬೆ ಇಟ್ಟ.

"ಅಮ್ಮ, ಕರ್ಕೊಂಡ್ ಬಂದೆ" ಅಂದ. ಇನ್ನು ಯಾರ ಜೊತೆ ಎಷ್ಟು ಬೇಕಾದರೂ ಮಾತಾಡಬಹುದಿತ್ತು.

ಗೋಗೋ ಚಾಪೆಯ ಮೇಲೆ ತೆವಳಿಕೊಂಡು ಬಂದು, ಒದ್ದೆ ಎಲೆಗಳನ್ನು ಒಂದೊಂದಾಗಿ ಸವರಿದಳು. ಮುಳ್ಳು ಚುಚ್ಚಿದರೂ ಕೈ ತೆಗೆಯಲಿಲ್ಲ.

"ಬಂದ್ಯಾ ಮಗಾ?" ಎಂದಳು. "ದಾರಿ ಹೇಗಿತ್ತು?"

ಒಳಗಿದ್ದವರು, ಬಾಗಿಲಲ್ಲಿ ಇಣುಕುತ್ತಿದ್ದವರು, ಎಲ್ಲರೂ ಭೆಕಿಸಿಸಾನ ಬಾಯಿ ನೋಡಿದರು. ಅವನು ಗಂಡಸರು ಕೂರುವ ಬಲಗಡೆಗೆ ಹೋಗಿ, ಗೋಡೆಗೆ ಒರಗಿ ಕೂತ. ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. ಕೊಂಬೆಯ ಕಡೆ ನೋಡುತ್ತ, ಫನೋಜಿಯೇ ಉತ್ತರ ಹೇಳಲೆಂದು ಸುಮ್ಮನೆ ಕಾದ.