ಜಲಜನಕದ ಗೆರೆ ಸಿಗದ ವರ್ಷ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗುಬ್ಬಿಯ ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಇರಲಿ. ಒಂದೇ ಒಂದು ಸಲ ಆ ಸಿಟ್ಟನ್ನು ನುಂಗಿಕೊಂಡೆ. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆಗ ತುಮಕೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿದ್ದೆ. ಹೆಸರಿಗೆ ಅತಿಥಿ, ಕತ್ತೆಯ ಹಾಗೆ ದುಡಿಸಿಕೊಳ್ಳುತ್ತಿದ್ದರು! ಪಿಎಚ್.ಡಿ. ಮುಗಿಸದವರು ಮುಂದಿನ ವರ್ಷ ಬರುವುದೇ ಬೇಡ ಎಂದೂ ಹೇಳಿಬಿಟ್ಟಿದ್ದರು. ನನ್ನ ಪಿಎಚ್.ಡಿ.ಯ ಅವಧಿ ಮುಗಿಯುತ್ತ ಬಂದಿತ್ತು. ಬಾಕಿ ಇದ್ದದ್ದು ಒಂದೇ ಕೆಲಸ: ದೂರದ ಗ್ಯಾಲಕ್ಸಿಯೊಂದರ ಜಲಜನಕ ಹೊರಡಿಸುವ ರೇಡಿಯೋ ಗೆರೆಯನ್ನು ಹಿಡಿಯುವುದು. ಹೊರರಾಜ್ಯದ ಬಯಲಲ್ಲಿ ಸಾಲಾಗಿ ನಿಂತ ಆಂಟೆನಾಗಳ ದೂರದರ್ಶಕದಲ್ಲಿ, ಅಂತೂ ಇಂತೂ, ನಮಗೊಂದು ಹಗಲು ಸಿಕ್ಕಿತು.

ಗೆರೆ ಯಾವ ಆವರ್ತನದಲ್ಲಿ ಬರುತ್ತದೆಂದು ದೂರದರ್ಶಕಕ್ಕೆ ಮೊದಲೇ ಹೇಳಬೇಕು. ಗ್ಯಾಲಕ್ಸಿ ನಮ್ಮಿಂದ ದೂರ ಓಡುವ ವೇಗದಿಂದ ಅದರ ಲೆಕ್ಕ. ಆ ವೇಗ ಹೇಳುವುದರಲ್ಲಿ ಎರಡು ಪದ್ಧತಿ. ರೇಡಿಯೋದವರದು ಒಂದು, ಬೆಳಕು ನೋಡುವವರದು ಇನ್ನೊಂದು. ಹತ್ತಿರದ ಗ್ಯಾಲಕ್ಸಿಗೆ ಯಾವುದು ಹಾಕಿದರೂ ನಡೆದುಹೋಗುತ್ತದೆ. ದೂರದ್ದಕ್ಕೆ ತಪ್ಪಾದದ್ದು ಹಾಕಿದರೆ, ನಾವು ತೆರೆದಿಟ್ಟ ಆವರ್ತನಗಳ ಸಣ್ಣ ಪಟ್ಟಿಯಿಂದ ಗೆರೆ ಪೂರ್ತಿ ಆಚೆ ಬೀಳುತ್ತದೆ. ನಮ್ಮ ಗ್ಯಾಲಕ್ಸಿಯ ವೇಗ ಬೆಳಕಿನವರು ಹೇಳಿದ್ದು. ನಾನು ಹಾಗೆಂದೇ ತುಂಬಿದ್ದೆ.

ಆದರೆ ಇದೆಲ್ಲ ತುಂಬಿದ ಸೆಟಪ್ ಫೈಲ್ ದೂರದರ್ಶಕಕ್ಕೆ ಹೋಗಬೇಕಾದದ್ದು ಗೈಡ್‌ನ ಲಾಗಿನ್‌ನಿಂದ. ನನ್ನ ಗೈಡ್ ನಿವೃತ್ತರಾಗಿ ಕುಣಿಗಲ್‌ನಲ್ಲಿದ್ದ ಮೇಷ್ಟ್ರು. ಬದುಕಿಡೀ ಹತ್ತಿರದ ಗ್ಯಾಲಕ್ಸಿಗಳನ್ನೇ ನೋಡಿದವರು. ತುಮಕೂರಿನ ಬಟವಾಡಿಯ ಬಾಡಿಗೆ ಮನೆಯಿಂದ ಹೊರಟು, ಬಸ್ಸಿನಲ್ಲಿ ನಿಂತೇ ಹೋಗಿ ಫೈಲ್ ಕೊಟ್ಟು ಬಂದೆ. ಸಂಜೆ ಕಳಿಸುತ್ತೇನೆ ಎಂದರು, ಕಳಿಸಿದರು.

ಡೇಟಾ ಬಂತು. ತಿರುಗಿಸಿ ಮುರುಗಿಸಿ ನೋಡಿದರೂ ಬರೀ ಗದ್ದಲ, ಗೆರೆಯ ಸುಳಿವಿಲ್ಲ. ಕೊನೆಗೆ ಕಳಿಸಿದ ಫೈಲನ್ನೇ ತೆರೆದೆ. ನಾನು ಬಂದ ಮೇಲೆ ಮೇಷ್ಟ್ರು ಪದ್ಧತಿಯನ್ನು ಬದಲಾಯಿಸಿದ್ದರು. ಹಳೆಯ ಅಭ್ಯಾಸದ ಮೇಲೆ ರೇಡಿಯೋದ್ದನ್ನೇ ಹಾಕಿದ್ದರು. ಮೈಯೆಲ್ಲ ಉರಿದುಹೋಯಿತು. ಗೈಡಾದರೇನು, ಇವತ್ತು ಒಂದು ಕೈ ನೋಡೇಬಿಡುತ್ತೇನೆ ಎಂದು ಮತ್ತೆ ಕುಣಿಗಲ್ ಬಸ್ಸು ಹತ್ತಿದೆ.

ಜಗಲಿಯಲ್ಲಿದ್ದ ಮೇಷ್ಟ್ರು ನನ್ನನ್ನು ಕಂಡು ಹಿಗ್ಗಿದರು. ನಾನು ಬಾಯಿ ತೆಗೆಯುವ ಮೊದಲೇ, ದೂರದ ಗ್ಯಾಲಕ್ಸಿಗೆ ರೇಡಿಯೋ ಪದ್ಧತಿ ಹಾಕಿದರೆ ಏನು ಅನಾಹುತವಾಗುತ್ತದೆ ಎಂದು ಪೇಪರಿನ ಅಂಚಿನಲ್ಲಿ ಬರೆದು ತೋರಿಸತೊಡಗಿದರು. ಅಷ್ಟು ಚೆನ್ನಾಗಿ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಆಮೇಲೆ ಪೆನ್ನು ಮುಚ್ಚಿ ಕೇಳಿದರು:

“ನಮ್ ಅಬ್ಸರ್ವೇಶನ್ ಯಾವಾಗಮ್ಮ ಇರೋದು?”

ಅಬ್ಸರ್ವೇಶನ್ ಮುಗಿದೇಹೋಗಿತ್ತು, ಫೈಲ್ ಕಳಿಸಿದ್ದೂ ಅವರೇ. ಇನ್ನೂ ದಿನ ಇದೆ ಸರ್ ಎಂದೆ. ಅವರ ಹೆಂಡತಿ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಿದ್ದರು. ನಾನು ಹೊರಟಾಗ ಗೇಟಿನ ತನಕ ಬಂದರು.

“ಹಿಂಗಾಗಿ ಬಾಳಾ ದಿನ ಆಯ್ತು ಕಣಮ್ಮ. ಯಾರ್ ಹತ್ರಾನೂ ಹೇಳ್ಬೇಡ. ಮೇಷ್ಟ್ರು ಅನ್ನಿಸ್ಕೊಳೋದೊಂದೇ ಅವ್ರಿಗೆ ಉಳ್ದಿರೋದು.”

ಮತ್ತೆ ಸಮಯ ಕೊಡಿ ಎಂದು ದೂರದರ್ಶಕದವರನ್ನು ಬೇಡಿದೆ. ತಪ್ಪು ಯಂತ್ರದ್ದಲ್ಲ, ಆದ್ದರಿಂದ ಹೊಸದಾಗಿ ಅರ್ಜಿ ಹಾಕಿ ಸರದಿ ಕಾಯಿರಿ ಎಂದರು. ಅದಕ್ಕೆ ಪಿಎಚ್.ಡಿ. ಅವಧಿ ವಿಸ್ತರಿಸಿಕೊಳ್ಳಲೇಬೇಕಿತ್ತು. ವಿಶ್ವವಿದ್ಯಾಲಯದ ಸಮಿತಿಯ ಮುಂದೆ ನಿಂತೆ. ಗೈಡ್ ಇರಲೇಬೇಕು ಎಂಬ ನಿಯಮ. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪಕ್ಕದಲ್ಲಿ ಕೂತಿದ್ದರು. ಡೇಟಾ ಯಾಕೆ ಹಾಳಾಯಿತೆಂದು ಸಮಿತಿಯವರು ಕೇಳಿದರು. ನಿಜ ಹೇಳಿದ್ದರೆ ಬೇರೆ ಗೈಡೂ ಸಿಗುತ್ತಿದ್ದರು, ಇನ್ನೊಂದು ವರ್ಷವೂ ಸಿಗುತ್ತಿತ್ತೇನೋ. ಮೇಷ್ಟ್ರ ಮುಖ ನೋಡಿದೆ.

“ನಂದೇ ತಪ್ಪು ಸರ್, ವೇಗದ ಪದ್ಧತಿ ತಪ್ಪಾಗಿ ತುಂಬ್ಬಿಟ್ಟೆ,” ಎಂದೆ.

ಮೇಷ್ಟ್ರು ಗಕ್ಕನೆ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿದ್ದದ್ದು ನಿಜವಾದ ನೋವು.

“ನಾನೇ ಎಷ್ಟ್ ಸಲ ಹೇಳ್ಕೊಟ್ಟಿದೀನಿ ಇವ್ಳಿಗೆ,” ಎಂದು ಸಮಿತಿಗೆ ಹೇಳಿದರು. “ಗಮನಾನೇ ಕೊಡಲ್ಲ.”

ಗೈಡೇ ಹಾಗೆಂದ ಮೇಲೆ ಕೇಳುವುದೇನಿದೆ? ಹೆಚ್ಚಿನ ಅವಧಿ ಕೊಡಲಿಲ್ಲ. ಮೆಟ್ಟಿಲಿಳಿಯುವಾಗ ತಡವರಿಸಿ ಅವರು ನನ್ನ ಕೈ ಹಿಡಿದುಕೊಂಡರು. ಕೊಡವಿಬಿಡಬೇಕು ಎನ್ನಿಸಿತು. ಕುಣಿಗಲ್ ಬಸ್ಸು ಹತ್ತಿಸುವ ತನಕ ನಾನು ಆ ಕೈ ಬಿಡಲಿಲ್ಲ.